ಯೂನಿಫಾರ್ಮ್ ಒಗೆದ ಖರ್ಚಿಗೆ ಬ್ರಿಟನ್ನಿನಲ್ಲಿ ತೆರಿಗೆ ವಾಪಸಾತಿ: ಯಾವ ದಾರಿ ಯಾರಿಗೆ?

ಬ್ರಿಟನ್ನಿನಲ್ಲಿ ಕೆಲಸದ ಯೂನಿಫಾರ್ಮನ್ನು ಮನೆಯಲ್ಲೇ ಒಗೆದುಕೊಳ್ಳುವವರಿಗೆ ತೆರಿಗೆಯಲ್ಲಿ ಸ್ವಲ್ಪ ದುಡ್ಡು ವಾಪಸ್ ಬರುತ್ತದೆ. ಆದರೆ ಕೇಳಿದವರಿಗೆ ಮಾತ್ರ. ಊರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ದುಡಿದವರಿಗೆ ವಾಷಿಂಗ್ ಅಲೋಯನ್ಸ್ ಅಂತ ಸಂಬಳದ ಚೀಟಿಯಲ್ಲೇ ಒಂದು ಸಾಲು ನೋಡಿ ಅಭ್ಯಾಸ. ಇಲ್ಲಿ ಹಾಗೆ ತಾನಾಗಿ ಬರುವುದಿಲ್ಲ. ಕೆಲಸ ಕೊಟ್ಟವರು ಬಾಯಿಬಿಟ್ಟು ಹೇಳುವುದು ಕಡಿಮೆ. ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ, ನಿಮ್ಮ ಮನೆ ವಾಷಿಂಗ್ ಮೆಷಿನ್ ಒಳಗೆ ಏನಿದೆ ಅಂತ ಇಣುಕಿ ನೋಡುವುದೂ ಇಲ್ಲ.

ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗೆ ಬಂದವರು, ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡುವವರು, ಓದುತ್ತಲೇ ಸೂಪರ್‌ಮಾರ್ಕೆಟ್‌ನಲ್ಲಿ ಪಾರ್ಟ್ ಟೈಮ್ ಕೆಲಸ ಹಿಡಿದ ಹುಡುಗರು, ಎಲ್ಲರೂ ಕೇಳುವುದು ಒಂದೇ: ಎಷ್ಟು ಸಿಗುತ್ತೆ, ಹೇಗೆ ಕೇಳೋದು, ಏಜೆಂಟ್ ಕೈಗೆ ಕೊಟ್ಟುಬಿಡೋದಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ನಿಗದಿ ಮೊತ್ತದ ದಾರಿಯೇ ಸರಿ, ಅರ್ಜಿಯನ್ನು ತಾವೇ ಹಾಕುವುದೇ ಸರಿ. ಬೇರೆ ದಾರಿ ಹಿಡಿಯಬೇಕಾದವರು ಸ್ವಲ್ಪ ಜನ. ಅವರು ಯಾರು ಅನ್ನುವುದಕ್ಕೇ ಈ ಬರಹದ ಮುಕ್ಕಾಲು ಪಾಲು ಹೋಗುತ್ತದೆ.

ಮೊದಲು, ನಿಮಗೆ ಸಿಗುತ್ತದಾ?

ಒಗೆಯುವವರು ಯಾರು? ಎಲ್ಲವೂ ಇದರ ಮೇಲೆ ನಿಂತಿದೆ. ಆಸ್ಪತ್ರೆಯೇ ಒಗೆದುಕೊಟ್ಟರೆ ನಿಮಗೆ ಏನೂ ಸಿಗುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಹಾಕಿಕೊಂಡ ಸ್ಕ್ರಬ್ಸ್, ಅಂದರೆ ಅಲ್ಲಿನ ಸಡಿಲ ಅಂಗಿ ಪ್ಯಾಂಟು, ಅಲ್ಲೇ ಬುಟ್ಟಿಗೆ ಹಾಕಿ ಬರುತ್ತೀರಿ ಅಂದರೆ ಖರ್ಚೇ ಇಲ್ಲವಲ್ಲ. ಇನ್ನೊಂದು ಸೂಕ್ಷ್ಮ ಇದೆ. ಕೆಲಸದ ಜಾಗದಲ್ಲಿ ಪುಕ್ಕಟೆ ಲಾಂಡ್ರಿ ಇದೆ, ಆದರೆ ಅದಕ್ಕೆ ಕೊಟ್ಟರೆ ವಾಪಸ್ ಬರೋದು ತಡ ಅಂತ ನೀವೇ ಮನೆಗೆ ತರುತ್ತೀರಿ. ಆಗಲೂ ಸಿಗುವುದಿಲ್ಲ. ಅದು ನಿಮ್ಮ ಆಯ್ಕೆ, ಕೆಲಸದ ಅಗತ್ಯ ಅಲ್ಲ ಅನ್ನುವುದು ಎಚ್‌ಎಂಆರ್‌ಸಿಯ ನಿಲುವು. ಒಗೆಯಲು ಅಂತ ಕೆಲಸ ಕೊಟ್ಟವರು ಸ್ವಲ್ಪ ದುಡ್ಡು ಕೊಡುತ್ತಿದ್ದರೆ ಅಷ್ಟನ್ನು ಕಳೆದು ಮಿಕ್ಕಿದ್ದನ್ನು ಮಾತ್ರ ಕೇಳಬಹುದು.

ಎರಡನೆಯದು, ಬಟ್ಟೆ ನಿಜವಾಗಿ ಯೂನಿಫಾರ್ಮ್ ಆಗಿರಬೇಕು. ನೋಡಿದ ಕೂಡಲೇ ಇವರು ಇಂಥ ಕೆಲಸದವರು ಅಂತ ಗೊತ್ತಾಗಬೇಕು. ನರ್ಸಿನ ಟ್ಯೂನಿಕ್, ಅಂಗಡಿಯ ಲೋಗೋ ಇರುವ ಟೀ ಶರ್ಟು, ಇವು ನಡೆಯುತ್ತವೆ. ರೆಸ್ಟೋರೆಂಟ್ ಮಾಲೀಕ "ಕಪ್ಪು ಪ್ಯಾಂಟು ಬಿಳಿ ಶರ್ಟು ಹಾಕ್ಕೊಂಡು ಬಾ" ಅಂದಿದ್ದರೆ ಅದು ನಡೆಯುವುದಿಲ್ಲ. ದಿನಾ ಅದನ್ನೇ ಹಾಕಿದರೂ ಅಷ್ಟೇ, ಯಾಕಂದರೆ ಅದೇ ಬಟ್ಟೆಯಲ್ಲಿ ನೀವು ಮದುವೆ ಮನೆಗೂ ಹೋಗಬಹುದು. ಗ್ಲೌಸು, ಮಾಸ್ಕು, ಸುರಕ್ಷತೆಯ ಬೂಟು ಇವುಗಳ ಲೆಕ್ಕವೇ ಬೇರೆ. ಅವನ್ನು ಕೆಲಸ ಕೊಟ್ಟವರೇ ಕೊಡಬೇಕು, ಇಲ್ಲಿ ಕೇಳುವ ಹಾಗಿಲ್ಲ. ಮೊದಲ ಸಲ ಯೂನಿಫಾರ್ಮ್ ಕೊಂಡ ದುಡ್ಡೂ ಇದರಲ್ಲಿ ಬರುವುದಿಲ್ಲ. ಒಗೆಯುವುದು, ಹೊಲಿಸಿ ರಿಪೇರಿ ಮಾಡಿಸುವುದು, ಹಳತು ಹೋಗಿ ಹೊಸತು ತರುವುದು, ಇಷ್ಟು ಬರುತ್ತದೆ.

ಮೂರನೆಯದನ್ನು ಓದುವ ಹುಡುಗರು ಗಮನಿಸಬೇಕು. ಆ ವರ್ಷ ನೀವು ತೆರಿಗೆ ಕಟ್ಟಿರಬೇಕು. ಕಟ್ಟಿದ್ದರೆ ತಾನೇ ವಾಪಸ್ ಕೊಡುವುದು? ವರ್ಷಕ್ಕೆ 12,570 ಪೌಂಡ್‌ವರೆಗಿನ ಗಳಿಕೆಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ವಾರಕ್ಕೆ ಒಂದೆರಡು ದಿನ ಅಂಗಡಿಯಲ್ಲಿ ನಿಂತು ಅದಕ್ಕಿಂತ ಕಡಿಮೆ ದುಡಿದವರಿಗೆ ಸೊನ್ನೆ. 12,600 ದುಡಿದಿದ್ದರೆ ತೆರಿಗೆ ಬಿದ್ದಿರುವುದು 30 ಪೌಂಡಿನ ಮೇಲೆ, ಕಟ್ಟಿರುವುದು 6 ಪೌಂಡ್. ಎಷ್ಟೇ ಲೆಕ್ಕ ತೋರಿಸಿದರೂ ಆ 6ಕ್ಕಿಂತ ಜಾಸ್ತಿ ಬರುವುದಿಲ್ಲ.

ನಿಗದಿ ಮೊತ್ತವೋ, ನಿಜವಾದ ಖರ್ಚೋ?

ಇಲ್ಲಿ ಎರಡು ದಾರಿ. ಎರಡನ್ನೂ ಒಟ್ಟಿಗೆ ಹಿಡಿಯುವ ಹಾಗಿಲ್ಲ.

ಒಂದು, ಎಚ್‌ಎಂಆರ್‌ಸಿ ಪ್ರತಿ ಕೆಲಸಕ್ಕೂ ಮೊದಲೇ ಗೊತ್ತು ಮಾಡಿಟ್ಟಿರುವ ಮೊತ್ತ. ಇದಕ್ಕೆ ಫ್ಲಾಟ್ ರೇಟ್ ಅನ್ನುತ್ತಾರೆ. ರಸೀದಿ ಬೇಡ, ಪುರಾವೆ ಬೇಡ. ನರ್ಸ್, ಮಿಡ್‌ವೈಫ್, ಫಿಸಿಯೋಥೆರಪಿಸ್ಟ್, ರೇಡಿಯೋಗ್ರಾಫರ್, ಹೆಲ್ತ್‌ಕೇರ್ ಅಸಿಸ್ಟೆಂಟ್, ರಕ್ತ ತೆಗೆಯುವವರು, ಇವರೆಲ್ಲರಿಗೂ ವರ್ಷಕ್ಕೆ 125 ಪೌಂಡ್. ಆಸ್ಪತ್ರೆಯ ಪೋರ್ಟರ್, ವಾರ್ಡ್ ಕ್ಲರ್ಕ್, ಅಡುಗೆಮನೆಯವರಿಗೂ ಅಷ್ಟೇ. ಲ್ಯಾಬಿನವರು, ಫಾರ್ಮಸಿಯವರು, ರಿಸೆಪ್ಷನಿಸ್ಟ್, ಸೆಕ್ಯುರಿಟಿ ಇವರಿಗೆ 80. ಆಂಬುಲೆನ್ಸ್‌ನಲ್ಲಿ ಓಡಾಡುವವರಿಗೆ 185. ಈ ಪಟ್ಟಿ ಎನ್‌ಎಚ್‌ಎಸ್‌ಗೆ, ಖಾಸಗಿ ಆಸ್ಪತ್ರೆಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ ಸೇರಿದ್ದು. ಯೂನಿಫಾರ್ಮ್ ಹಾಕುವ ಪೊಲೀಸರಿಗೆ 140. ಪಟ್ಟಿಯಲ್ಲಿ ಹೆಸರೇ ಇಲ್ಲದ ಕೆಲಸಕ್ಕೆ 60. ಸೂಪರ್‌ಮಾರ್ಕೆಟ್‌ನವರು ಹೆಚ್ಚಾಗಿ ಈ ಅರುವತ್ತಕ್ಕೇ ಬಂದು ನಿಲ್ಲುತ್ತಾರೆ. ವಿಮಾನ ಹಾರಿಸುವ ಪೈಲಟ್‌ಗೆ ಮಾತ್ರ 1,022 ಪೌಂಡ್! ಅಷ್ಟು ಬಟ್ಟೆ ಅವರು ಯಾವಾಗ ಒಗೆಯುತ್ತಾರೋ ದೇವರೇ ಬಲ್ಲ.

ನರ್ಸ್‌ಗಳಿಗೆ ಇನ್ನೊಂದು ಚಿಕ್ಕ ಸೇರ್ಪಡೆ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಇಂಥದೇ ಶೂ ಹಾಕಬೇಕು ಅಂತ ಆಸ್ಪತ್ರೆಯ ನಿಯಮ ಇದ್ದರೆ 12 ಪೌಂಡ್, ಇಂಥದೇ ಬಣ್ಣದ ಸಾಕ್ಸ್ ಅಥವಾ ಟೈಟ್ಸ್ ಅಂತ ಇದ್ದರೆ 6 ಪೌಂಡ್. ಎಲ್ಲ ಸೇರಿ 143.

ಇಲ್ಲೇ ಜನ ಮೋಸ ಹೋದ ಹಾಗೆ ಮುಖ ಮಾಡುವುದು. 143 ಪೌಂಡ್ ಕೈಗೆ ಬರುವುದಿಲ್ಲ. ಅಷ್ಟು ಗಳಿಕೆಯ ಮೇಲೆ ಕಟ್ಟಿದ ತೆರಿಗೆ ಮಾತ್ರ ವಾಪಸ್ ಬರುತ್ತದೆ. ಶೇಕಡಾ 20 ಕಟ್ಟುವವರಿಗೆ 125ಕ್ಕೆ 25 ಪೌಂಡ್, 143ಕ್ಕೆ 28 ಪೌಂಡ್ 60 ಪೆನ್ಸ್. 60ಕ್ಕೆ 12 ಪೌಂಡ್. ಗಳಿಕೆ 50,270 ದಾಟಿ ಶೇಕಡಾ 40 ಕಟ್ಟುವವರಿಗೆ ಇದರ ಎರಡರಷ್ಟು. ಸ್ಕಾಟ್ಲೆಂಡಿನಲ್ಲಿ ತೆರಿಗೆಯ ಹಂತಗಳೇ ಬೇರೆ. ಅಲ್ಲಿ ಶೇಕಡಾ 21ರ ಹಂತದಲ್ಲಿರುವ ನರ್ಸ್‌ಗೆ 125ಕ್ಕೆ 26 ಪೌಂಡ್ 25 ಪೆನ್ಸ್.

ಇನ್ನೊಂದು ದಾರಿ, ನಿಜವಾಗಿ ಎಷ್ಟು ಖರ್ಚಾಯಿತೋ ಅದನ್ನು ಲೆಕ್ಕ ಹಾಕಿ ಕೇಳುವುದು. ಇದಕ್ಕೆ ರಸೀದಿ ಇಟ್ಟುಕೊಂಡಿರಬೇಕು. ನಿಗದಿ ಮೊತ್ತಕ್ಕಿಂತ ಖರ್ಚು ನಿಜಕ್ಕೂ ಜಾಸ್ತಿ ಆಗಿದ್ದರೆ ಮಾತ್ರ ಇದರ ಯೋಚನೆ ಮಾಡಿ.

ಒಂದು ಲೆಕ್ಕ ಹಾಕಿ ನೋಡೋಣ. ವಾರಕ್ಕೆ 3 ಉದ್ದ ಪಾಳಿ ಮಾಡುವ ನರ್ಸ್, ರಜೆಯೆಲ್ಲ ಕಳೆದು ವರ್ಷಕ್ಕೆ ಸುಮಾರು 45 ವಾರ ಕೆಲಸ. ಪಾಳಿ ಮುಗಿದ ಮೇಲೆಲ್ಲ ಒಗೆದರೆ 135 ಸಲ. ಯೂನಿಫಾರ್ಮನ್ನು 60 ಡಿಗ್ರಿಯಲ್ಲಿ ಕನಿಷ್ಠ 10 ನಿಮಿಷ ಒಗೆದರೆ ರೋಗಾಣು ಹೆಚ್ಚುಕಮ್ಮಿ ಎಲ್ಲ ಹೋಗುತ್ತವೆ ಅಂತ ಎನ್‌ಎಚ್‌ಎಸ್‌ನ ಸೂಚನೆಯೇ ಇದೆ. ಹಾಗಾಗಿ ಮೆಷಿನ್ನಿನ ಗುಂಡಿಯನ್ನು 30ಕ್ಕೆ ತಿರುಗಿಸಿ ಕರೆಂಟ್ ಉಳಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. 60ರಲ್ಲಿ ಒಂದು ಸಲ ಓಡಿಸಿದರೆ ಸುಮಾರು ಒಂದು ಯೂನಿಟ್ ಕರೆಂಟ್. ಪುಡಿ, ನೀರು ಎಲ್ಲ ಸೇರಿ 60 ಪೆನ್ಸ್ ಅಂತ ಹಿಡಿಯಿರಿ. 135 ಸಲಕ್ಕೆ 81 ಪೌಂಡ್. ಚಳಿಗಾಲದಲ್ಲಿ ಡ್ರೈಯರ್ ಓಡಿಸಿದ್ದನ್ನೂ ಸೇರಿಸಿದರೆ 125ರ ಹತ್ತಿರ ಬಂದು ನಿಲ್ಲುತ್ತದೆ, ಅಷ್ಟೇ. ಅಂದರೆ ಮನೆಯಲ್ಲಿ ಮೆಷಿನ್ ಇರುವವರಿಗೆ ನಿಗದಿ ಮೊತ್ತವೇ ಲಾಭ, ಇಲ್ಲ ಸಮಸಮ. ಹತ್ತು ಪೌಂಡ್ ಹೆಚ್ಚು ಖರ್ಚು ತೋರಿಸಿದರೂ ಕೈಗೆ ಬರುವುದು 2 ಪೌಂಡ್. ಅದಕ್ಕಾಗಿ ಕರೆಂಟ್ ಬಿಲ್ಲು ಹಿಡಿದು ಕೂರುವುದು ಸುಮ್ನೆ ತಲೆನೋವು.

ಆದರೆ ಲಾಂಡ್ರೆಟ್‌ಗೆ, ಅಂದರೆ ದುಡ್ಡು ಹಾಕಿ ಮೆಷಿನ್ನಿನಲ್ಲಿ ಬಟ್ಟೆ ಒಗೆಯುವ ಅಂಗಡಿಗೆ, ಹೋಗುವವರ ಕಥೆ ಬೇರೆ. ಹೊಸದಾಗಿ ಬಂದು ಬಾಡಿಗೆ ಕೋಣೆಯಲ್ಲಿದ್ದೀರಿ, ಮೆಷಿನ್ ಇಲ್ಲ, ವಾರಕ್ಕೊಮ್ಮೆ ಮೂರು ಜೊತೆ ಯೂನಿಫಾರ್ಮ್ ಚೀಲಕ್ಕೆ ತುಂಬಿಕೊಂಡು ಬೀದಿ ಕೊನೆಯ ಲಾಂಡ್ರೆಟ್‌ಗೆ ಹೋಗುತ್ತೀರಿ. ಒಗೆದು ಒಣಗಿಸುವುದಕ್ಕೆ 9 ಪೌಂಡ್ ಆಯಿತು ಅಂತ ಇಟ್ಟುಕೊಳ್ಳಿ. 45 ವಾರಕ್ಕೆ 405 ಪೌಂಡ್. ಶೇಕಡಾ 20ರ ಲೆಕ್ಕದಲ್ಲಿ 81 ಪೌಂಡ್ ವಾಪಸ್, 25ರ ಜಾಗದಲ್ಲಿ. ಇದು ಬಿಡುವ ಮೊತ್ತ ಅಲ್ಲ.

ಅಡ್ಡಿ ಎರಡಿವೆ. ನಾಣ್ಯ ಹಾಕುವ ಮೆಷಿನ್ ರಸೀದಿ ಕೊಡುವುದಿಲ್ಲ. ಕಾರ್ಡ್ ತಗೊಳ್ಳುವ ಲಾಂಡ್ರೆಟ್ ಹುಡುಕಿಕೊಳ್ಳಿ, ಅಥವಾ ಕೌಂಟರಿನಲ್ಲಿ ಕೊಟ್ಟು ಚೀಟಿ ಬರೆಸಿಕೊಳ್ಳಿ. ಎರಡನೆಯದು, ಯೂನಿಫಾರ್ಮ್ ಜೊತೆ ಬೆಡ್‌ಶೀಟು, ಜೀನ್ಸು, ಮಗುವಿನ ಬಟ್ಟೆ ಎಲ್ಲ ಒಂದೇ ಮೆಷಿನ್ನಿಗೆ ತುರುಕಿದ್ದರೆ ಯೂನಿಫಾರ್ಮಿನ ಪಾಲನ್ನು ಮಾತ್ರ ಕೇಳಬೇಕು. ಅರ್ಧ ಅಂತ ಹಿಡಿದರೆ 81 ಹೋಗಿ 40 ಆಗುತ್ತದೆ. ಆಗಲೂ 25ಕ್ಕಿಂತ ಜಾಸ್ತಿಯೇ. ಆದರೆ ವರ್ಷವಿಡೀ ಚೀಟಿ ಜೋಪಾನ ಮಾಡುವ ಸ್ವಭಾವ ನಿಮ್ಮದಲ್ಲ ಅಂದರೆ ಆ 15 ಪೌಂಡಿನ ಆಸೆ ಬಿಟ್ಟುಬಿಡಿ.

ಅರ್ಜಿ ಹಾಕುವುದು ಹೇಗೆ: ನೀವೇ, ಅಂಚೆಯಲ್ಲಿ, ಇಲ್ಲ ಏಜೆಂಟ್?

ವರ್ಷಾವರ್ಷ ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್ (ಗಳಿಕೆ, ತೆರಿಗೆಯ ಲೆಕ್ಕ ತಾವೇ ಬರೆದು ಕೊಡುವುದು) ಹಾಕುವವರು ಇದನ್ನೂ ಅದರಲ್ಲೇ ತೋರಿಸಬೇಕು. ಉದ್ಯೋಗದ ಪುಟದಲ್ಲಿ ನಿಗದಿ ಖರ್ಚುಗಳಿಗೆ ಅಂತಲೇ ಒಂದು ಚೌಕ ಇದೆ. ನಿಮಗೆ ಬೇರೆ ದಾರಿಯ ಗೊಡವೆ ಇಲ್ಲ.

ಮಿಕ್ಕವರಿಗೆ ಪಿ87 ಅನ್ನುವ ಫಾರ್ಮ್. ಸರ್ಕಾರದ ಗೌವ್‌.ಯುಕೆ ತಾಣದಲ್ಲಿ ಆನ್‌ಲೈನಾಗಿ ತುಂಬಬಹುದು. ಕಾಗದದ ಫಾರ್ಮನ್ನು ಅಂಚೆಯಲ್ಲೂ ಕಳಿಸಬಹುದು. ಆನ್‌ಲೈನ್ ಆದರೆ ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರು, ಸಂಬಳದ ಚೀಟಿ, ಪಿ60 (ವರ್ಷದ ಕೊನೆಗೆ ಕೆಲಸ ಕೊಟ್ಟವರು ಕೊಡುವ ಸಂಬಳ, ತೆರಿಗೆಯ ಲೆಕ್ಕದ ಚೀಟಿ) ಹತ್ತಿರ ಇಟ್ಟುಕೊಂಡು ಕೂರಿ. ಕೆಲಸ ಕೊಟ್ಟವರ ಪಿಎವೈಇ ನಂಬರು, ಅಂದರೆ ಸಂಬಳದಲ್ಲೇ ತೆರಿಗೆ ಹಿಡಿದು ಕಟ್ಟಲು ಅವರಿಗೆ ಕೊಟ್ಟ ನಂಬರು, ಕೇಳುತ್ತದೆ. ಮೂರು ಅಂಕಿ, ಒಂದು ಓರೆಗೆರೆ, ಆಮೇಲೆ ಅಕ್ಷರ ಅಂಕಿ ಬೆರೆತ ನಂಬರದು. ಪಿ60ಯಲ್ಲಿ ಇದ್ದೇ ಇರುತ್ತದೆ. ಮೊದಲ ಸಲ ಖಾತೆ ತೆರೆದು ನೀವು ನೀವೇ ಅಂತ ತೋರಿಸುವ ಹೊತ್ತಿಗೆ ಸ್ವಲ್ಪ ತಾಳ್ಮೆ ಬೇಕು. ಅದು ದಾಟಿದರೆ ಮಿಕ್ಕಿದ್ದು ಸಲೀಸು. ಆನ್‌ಲೈನ್ ಖಾತೆ ಆಗಲೇ ಇಲ್ಲ ಅನ್ನುವವರಿಗೆ ಅಂಚೆ. ಅದರಲ್ಲಿ ಒಂದೊಂದು ವರ್ಷಕ್ಕೂ ಬೇರೆ ಬೇರೆ ಫಾರ್ಮ್ ಬರೆಯಬೇಕು, ಕಾಯುವುದೂ ಜಾಸ್ತಿ.

2024ರ ಅಕ್ಟೋಬರಿನಲ್ಲಿ ಎಚ್‌ಎಂಆರ್‌ಸಿ ಪಿ87ರ ನಿಯಮ ಬಿಗಿ ಮಾಡಿತು. ಬೇಕಾಬಿಟ್ಟಿ ಅರ್ಜಿಗಳು ಜಾಸ್ತಿ ಬರುತ್ತಿದ್ದವು. ಈಗ ವೃತ್ತಿ ಶುಲ್ಕ, ಕೆಲಸದ ಮೇಲಿನ ಓಡಾಟ ಇಂಥವಕ್ಕೆ ಪುರಾವೆ ಕೊಡಬೇಕು. ಬರೀ ಯೂನಿಫಾರ್ಮಿನ ನಿಗದಿ ಮೊತ್ತ ಕೇಳುವವರಿಗೆ ಮಾತ್ರ ಆ ಕಟ್ಟು ಇಲ್ಲ. ನರ್ಸ್‌ಗಳು ತಮ್ಮ ನೋಂದಣಿ ಸಂಸ್ಥೆಯಾದ ಎನ್‌ಎಂಸಿಗೆ ವರ್ಷವೂ ಕಟ್ಟುವ ಶುಲ್ಕಕ್ಕೂ ತೆರಿಗೆ ವಾಪಸ್ ಕೇಳಬಹುದು, ಅದನ್ನು ಮರೆಯಬೇಡಿ. ಆದರೆ ಅದಕ್ಕೆ ಕಟ್ಟಿದ ರಸೀದಿ ಬೇಕು.

ಈಗ ಏಜೆಂಟ್. ಫೇಸ್‌ಬುಕ್ ತೆರೆದರೆ ಸಾಕು, "ನೀವು ನರ್ಸಾ? ನೂರಾರು ಪೌಂಡ್ ನಿಮಗಾಗಿ ಕಾಯುತ್ತಿದೆ" ಅನ್ನುವ ಜಾಹೀರಾತು. ಎರಡು ನಿಮಿಷದ ಫಾರ್ಮ್, ಬೆರಳಲ್ಲಿ ಒಂದು ಸಹಿ, ಮುಗಿಯಿತು. ಅವರು ಮಾಡುವುದು ನೀವು ಮಾಡಬಹುದಾದ ಅದೇ ಅರ್ಜಿ. ಹಿಂದಿನ 4 ವರ್ಷಕ್ಕೆ ನಿಮಗೆ 100 ಪೌಂಡ್ ಬರಬೇಕು ಅಂತ ಇಟ್ಟುಕೊಳ್ಳಿ. ಶೇಕಡಾ 40 ಕಮಿಷನ್, ಮೇಲೆ ವ್ಯಾಟ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ 48 ಪೌಂಡ್ ಅವರದು. 52 ನಿಮ್ಮದು. ಕೆಲವರು ಕನಿಷ್ಠ ಶುಲ್ಕ ಅಂತ ಇನ್ನೊಂದು ಇಟ್ಟಿರುತ್ತಾರೆ. ಮೊತ್ತ ಚಿಕ್ಕದಾದಷ್ಟೂ ಅದು ಜಾಸ್ತಿ ತಿನ್ನುತ್ತದೆ.

ಕಮಿಷನ್ ಹೋದರೆ ಹೋಗಲಿ, ಭಯ ಪಡಬೇಕಾದದ್ದು ಬೇರೆ. ಮೊತ್ತ ಹಿಗ್ಗಿಸಲು ಕೆಲವರು ನೀವು ಓಡಿಸದ ಕಾರಿನ ಮೈಲಿ, ಮಾಡದ ಖರ್ಚು ಸೇರಿಸಿ ಕಳಿಸುತ್ತಾರೆ. ನಾಳೆ ಎಚ್‌ಎಂಆರ್‌ಸಿ ಕೆದಕಿದರೆ ಕಾಗದ ಬರುವುದು ನಿಮ್ಮ ಹೆಸರಿಗೆ. ವಾಪಸ್ ಕಟ್ಟಬೇಕಾದ್ದು ನೀವು, ಏಜೆಂಟ್ ತಿಂದ ಪಾಲನ್ನೂ ಸೇರಿಸಿ. ವೀಸಾ ಮೇಲೆ ಇರುವವರಿಗೆ ತೆರಿಗೆ ದಾಖಲೆಯಲ್ಲಿ ಸುಳ್ಳು ಲೆಕ್ಕ ಇರುವುದು ಯಾವ ರೀತಿಯಲ್ಲೂ ಒಳ್ಳೆಯದಲ್ಲ.

ಮೊದಲೆಲ್ಲ ಅಸೈನ್‌ಮೆಂಟ್ ಅಂತ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಿಮ್ಮ ತೆರಿಗೆ ವಾಪಸಾತಿಯ ಹಕ್ಕನ್ನೇ ಅವರಿಗೆ ಬರೆದುಕೊಟ್ಟ ಹಾಗೆ. ಬಿಡಿಸಿಕೊಳ್ಳುವುದು ಬಹಳ ಕಷ್ಟವಿತ್ತು. 2023ರ ಮಾರ್ಚ್ 15ರಿಂದ ಆದಾಯ ತೆರಿಗೆಯ ವಾಪಸಾತಿಗೆ ಅಂಥ ಪತ್ರಗಳು ನಡೆಯುವುದಿಲ್ಲ. ಈಗ ನಾಮಿನೇಷನ್ ಅಂತ ಮಾಡಿಸುತ್ತಾರೆ, ಅಂದರೆ ದುಡ್ಡು ಮೊದಲು ಅವರ ಖಾತೆಗೆ, ಆಮೇಲೆ ನಿಮಗೆ. ಇದನ್ನು ನೀವು ರದ್ದು ಮಾಡಬಹುದು. ಸಹಿ ಹಾಕುವ ಮುಂಚೆ ಇದು ಒಂದೇ ಅರ್ಜಿಗಾ, ಮುಂದಿನ ವರ್ಷಗಳಿಗೂ ಸೇರಿಸಿಯಾ ಅಂತ ಓದಿ ನೋಡಿ.

ನಮ್ಮ ಪರಿಚಯದ ಉಡುಪಿ ಕಡೆಯ ಅಕ್ಕ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡು, "ನೈಟ್ ಡ್ಯೂಟಿ ಮುಗಿಸಿ ಬಂದು ಯಾರು ಮಾರಾಯ್ರೆ ಫಾರ್ಮ್ ತುಂಬುವುದು?" ಅಂದರು. ನ್ಯಾಯವಾದ ಮಾತೇ. ಹಾಗಿದ್ದರೂ ಏಜೆಂಟ್‌ಗೆ ಕೊಡುವುದಕ್ಕಿಂತ ರಜೆಯ ದಿನ ಗೊತ್ತಿರುವ ಗೆಳತಿಯ ಪಕ್ಕ ಕೂತು ತುಂಬಿ. ನಿಮ್ಮ ಖಾತೆಯ ಪಾಸ್‌ವರ್ಡ್ ಮಾತ್ರ ಅವರಿಗೂ ಕೊಡಬೇಡಿ. ನೂರು ಪೌಂಡಿಗೆ ನಲವತ್ತೆಂಟು ಕೊಡುವಷ್ಟು ಕಷ್ಟದ ಫಾರ್ಮ್ ಇದಲ್ಲ.

ಎಷ್ಟು ಹಿಂದಕ್ಕೆ ಹೋಗಬಹುದು, ದುಡ್ಡು ಹೇಗೆ ಬರುತ್ತದೆ

ಈ ವರ್ಷದ್ದು ಮತ್ತು ಹಿಂದಿನ 4 ವರ್ಷದ್ದು ಕೇಳಬಹುದು. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. 2022-23ರ ದುಡ್ಡು ಕೇಳಲು ಕೊನೆಯ ದಿನ 2027ರ ಏಪ್ರಿಲ್ 5. ಆ ದಿನ ದಾಟಿದರೆ ಆ ವರ್ಷ ಹೋಯಿತು. ತಮಾಷೆ ನೋಡಿ, ಶೇಕಡಾ 20ರ ಲೆಕ್ಕದಲ್ಲಿ ಐದು ವರ್ಷದ್ದು ಒಟ್ಟಿಗೆ ಕೇಳಿದರೆ ಬರುವುದು ಸರಿಯಾಗಿ ಒಂದು ವರ್ಷದ ನಿಗದಿ ಮೊತ್ತ. ಶೂ, ಸಾಕ್ಸ್ ಸೇರಿಸಿದ ನರ್ಸ್‌ಗೆ ಆಗ 143 ಪೌಂಡ್ ಪೂರ್ತಿ ಬಂದಂತಾಯಿತು. ಆದರೆ ಆ ಐದೂ ವರ್ಷ ನೀವು ಇಲ್ಲಿ ದುಡಿದಿರಬೇಕು, ತೆರಿಗೆ ಕಟ್ಟಿರಬೇಕು, ಬಟ್ಟೆ ನೀವೇ ಒಗೆದಿರಬೇಕು.

ಹಿಂದಿನ ವರ್ಷಗಳದ್ದು ಬ್ಯಾಂಕಿಗೋ ಚೆಕ್ಕಾಗಿಯೋ ಬರುತ್ತದೆ. ಈ ವರ್ಷದ್ದು ಹಾಗೆ ಬರುವುದಿಲ್ಲ, ನಿಮ್ಮ ಟ್ಯಾಕ್ಸ್ ಕೋಡ್, ಅಂದರೆ ಸಂಬಳದಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ ಅಂತ ತೋರಿಸುವ ಗುರುತು, ಬದಲಾಗುತ್ತದೆ. ಎಷ್ಟೋ ಜನ ಇದನ್ನು ಗಮನಿಸದೆ "ನನಗೆ ಏನೂ ಬರಲಿಲ್ಲ" ಅನ್ನುತ್ತಾರೆ. ಸಂಬಳದ ಚೀಟಿಯಲ್ಲಿ 1257ಎಲ್ ಅಂತ ಇರುತ್ತದಲ್ವಾ, ಅದು ತೆರಿಗೆಯಿಲ್ಲದ 12,570ರ ಗುರುತು. 125 ಸೇರಿದರೆ 12,695 ಆಗುತ್ತದೆ, ಕೋಡ್ 1269ಎಲ್. 60 ಸೇರಿದವರಿಗೆ 1263ಎಲ್. ಕೋಡ್ ಬದಲಾಗಿದ್ದರೆ ನಿಮ್ಮ ಅರ್ಜಿ ಒಪ್ಪಿಗೆಯಾಗಿದೆ ಅಂತ ಅರ್ಥ. ತಿಂಗಳಿಗೆ ಬರುವುದು ಎರಡು ಪೌಂಡ್ ಚಿಲ್ಲರೆ, ಹಾಗಾಗಿ ಸಂಬಳದ ಮೊತ್ತ ನೋಡಿ ಕಂಡುಹಿಡಿಯುವುದು ಕಷ್ಟ. ಕೋಡ್ ನೋಡಿ. ಅರ್ಜಿ ಹಾಕುವ ಮುಂಚೆಯೂ ಒಂದು ಸಲ ನೋಡಿ. ಯಾವತ್ತೋ ಹಾಕಿ ಮರೆತಿದ್ದರೆ ಅದು ಆಗಲೇ ಬದಲಾಗಿರಬಹುದು.

ಬೇರೆ ದೇಶದಲ್ಲಿರುವ ನೆಂಟರ ಲೆಕ್ಕ ಇಲ್ಲಿಗೆ ತರಬೇಡಿ. ಆಸ್ಟ್ರೇಲಿಯಾದಲ್ಲಿ ಬರೀ ಯೂನಿಫಾರ್ಮ್ ಹಾಕಿದ ಒಂದು ಲೋಡಿಗೆ 1 ಡಾಲರ್, ಬೇರೆ ಬಟ್ಟೆ ಬೆರೆಸಿದ್ದರೆ 50 ಸೆಂಟ್ ಅಂತ ಲೋಡ್ ಲೆಕ್ಕ. ಐರ್ಲೆಂಡಿನಲ್ಲಿ ಯೂನಿಫಾರ್ಮನ್ನು ತಾವೇ ಕೊಂಡು ತಾವೇ ಒಗೆಯಬೇಕಾದ ನರ್ಸ್‌ಗೆ ನಿಗದಿ ಮೊತ್ತ 733 ಯೂರೋ. ಡಬ್ಲಿನ್‌ನಲ್ಲಿರುವ ಕಸಿನ್ ಹೇಳಿದ ಸಂಖ್ಯೆ ಬೆಲ್‌ಫಾಸ್ಟ್‌ನಲ್ಲಿರುವ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಎರಡೂ ಊರು ಹತ್ತಿರ ಇದ್ದರೂ. ಬೆಲ್‌ಫಾಸ್ಟ್ ಬ್ರಿಟನ್ನಿನ ತೆರಿಗೆಗೆ ಸೇರಿದ್ದು.

ಒಂದು ಸಲ ಬದಲಾದ ಕೋಡ್ ಮುಂದಿನ ವರ್ಷಗಳಿಗೂ ಹಾಗೇ ಮುಂದುವರಿಯುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು. ವಾರ್ಡಿನಿಂದ ಥಿಯೇಟರಿಗೆ ಹೋದಿರಿ, ಈಗ ಸ್ಕ್ರಬ್ಸ್ ಆಸ್ಪತ್ರೆಯೇ ಒಗೆಯುತ್ತದೆ. ಇಲ್ಲವೇ ಸಾದಾ ಬಟ್ಟೆಯಲ್ಲಿ ಹೋಗುವ ಆಫೀಸು ಕೆಲಸ ಸಿಕ್ಕಿತು. ಆಗ ಆನ್‌ಲೈನ್ ಖಾತೆಗೆ ಹೋಗಿ ಈ 125 ತೆಗೆಸಬೇಕು. ತೆಗೆಸದೆ ಬಿಟ್ಟರೆ ಉಳಿದ ತೆರಿಗೆಯನ್ನು ಅವರು ಮುಂದೊಂದು ದಿನ ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ.